ಜಿಪ್ಸಿ ಕಿಂಗ್ ಕೂಲಿಂಗ್: ವಿಸ್ಕಸ್ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಹಾಕೋದಾ, ರೇಡಿಯೇಟರ್ ದಪ್ಪ ಮಾಡಿಸೋದಾ?

ಎಂಜಿ413_ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಗಾಡಿ 2004ರ ಜಿಪ್ಸಿ ಕಿಂಗ್, ಎಂಪಿಎಫ್‌ಐ, 1298 ಸಿಸಿ ಜಿ13ಬಿಬಿ ಎಂಜಿನ್. ಮಡ್ ಟೈರು, ಮುಂದೆ ಸ್ಟೀಲ್ ಬಂಪರ್, ಅದರ ಮೇಲೆ ವಿಂಚ್. ರೇಡಿಯೇಟರ್ ಕಂಪನಿಯದೇ, ತಾಮ್ರದ ಕೋರ್ (ಕೂಲಂಟ್ ಹರಿಯೋ ಟ್ಯೂಬು, ಫಿನ್‌ಗಳ ಜಾಲ). ಫ್ಯಾನ್ ಕೂಡ ಕಂಪನಿಯ ವಿಸ್ಕಸ್ ಹಬ್ ಇರೋದೇ, ಅಂದರೆ ಬೆಲ್ಟಿನಿಂದ ಓಡಿ, ಬಿಸಿಯಾದಾಗ ಒಳಗಿನ ಎಣ್ಣೆಯಿಂದ ಬಿಗಿ ಹಿಡಿಯೋದು.

ಹೈವೇಲಿ 80ರಲ್ಲಿ ಎಷ್ಟು ಹೊತ್ತು ಹೋದರೂ ಟೆಂಪರೇಚರ್ ಮುಳ್ಳು ಅರ್ಧದ ಕೆಳಗೇ ಇರುತ್ತೆ. ತೋಟದ ಏರು ದಾರಿ, ಲೋ ರೇಂಜ್, ಫಸ್ಟ್ ಸೆಕೆಂಡ್‌ನಲ್ಲಿ ಹತ್ತುವಾಗ ಮುಕ್ಕಾಲು ದಾಟುತ್ತೆ. ಕೂಲಂಟ್ ರಿಸರ್ವ್ ಡಬ್ಬಿಗೆ ಬರುತ್ತೆ, ತಣ್ಣಗಾದ ಮೇಲೆ ವಾಪಸ್ ಹೋಗಲ್ಲ. ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ ಅಂತ ಒಬ್ಬರು, ಮೂರು ಸಾಲಿನ ಕೋರ್ ಹಾಕಿಸಿ ಅಂತ ಇನ್ನೊಬ್ಬರು. ಯಾವುದು ಮೊದಲು?

ಘಟ್ಟದಮೇಲೆ

ಎರಡೂ ಆಮೇಲೆ. ನೀವು ಬರೆದಿರೋದರಲ್ಲೇ ಅರ್ಧ ಉತ್ತರ ಇದೆ.

ಹೈವೇಲಿ ಸರಿಯಿದ್ದು ನಿಧಾನ ಏರಿನಲ್ಲಿ ಬಿಸಿಯಾದರೆ ಕೊರತೆ ಗಾಳಿಯದು. ಕೋರ್ ಒಳಗಿನ ಹರಿವು ಸರಿಯಿದೆ, ವೇಗ ಇದ್ದಾಗ ಗಾಳಿ ತಾನೇ ಬರುತ್ತೆ, ವೇಗ ಇಲ್ಲದಾಗ ಫ್ಯಾನ್ ಎಳೆಯುತ್ತಿಲ್ಲ. ಇದಕ್ಕೆ ಉಲ್ಟಾ, ಅಂದರೆ ಹೈವೇಲಿ ಬಿಸಿಯಾಗಿ ನಿಧಾನಕ್ಕೆ ಹೋದರೆ ಇಳಿಯುತ್ತಿದ್ದರೆ, ಆಗ ಕೋರ್ ಕಟ್ಟಿರೋದು, ಪಂಪ್, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲಂಟನ್ನ ರೇಡಿಯೇಟರಿಗೆ ಬಿಡೋ ವಾಲ್ವ್) ನೋಡಬೇಕು. ಹಾಗಾಗಿ ಮೂರು ಸಾಲಿನ ಕೋರಿಗೆ ಈಗಲೇ ದುಡ್ಡು ಹಾಕಬೇಡಿ. ಕೋರ್ ದಪ್ಪ ಆದಷ್ಟೂ ಗಾಳಿ ತೂರೋದು ಕಷ್ಟ. ಈಗಲೇ ಸುಸ್ತಾಗಿರೋ ಫ್ಯಾನಿಗೆ ಅದು ಇನ್ನೂ ಭಾರ.

ಕೂಲಂಟ್ ವಾಪಸ್ ಹೋಗದಿರೋದು ಬೇರೆ ಕಥೆ. ಅದು ರೇಡಿಯೇಟರ್ ಕ್ಯಾಪ್. ಕ್ಯಾಪಿನಲ್ಲಿ ಎರಡು ವಾಲ್ವ್: ದೊಡ್ಡದು 0.9 ಕೆಜಿ (ಚದರ ಸೆಂ.ಮೀ.ಗೆ) ಒತ್ತಡಕ್ಕೆ ತೆರೆದು ಡಬ್ಬಿಗೆ ಕಳಿಸುತ್ತೆ, ಮಧ್ಯದ ಪುಟ್ಟದು ತಣ್ಣಗಾಗುವಾಗ ವಾಪಸ್ ಎಳ್ಕೊಳ್ಳುತ್ತೆ. ಪುಟ್ಟದು ಅಂಟಿಕೊಂಡರೆ ತಣ್ಣಗಾದಾಗ ಮೇಲಿನ ಹೋಸ್ ಚಪ್ಪಟೆಯಾಗಿರುತ್ತೆ. ಹೋಸ್ ಚಪ್ಪಟೆ ಆಗದೆಯೂ ವಾಪಸ್ ಬರ್ತಿಲ್ಲ ಅಂದರೆ ಡಬ್ಬಿಗೆ ಹೋಗೋ ಸಣ್ಣ ಪೈಪು ಸೀಳಿರುತ್ತೆ, ಅಥವಾ ಬೇರೆ ಎಲ್ಲೋ ಗಾಳಿ ಎಳೀತಿರುತ್ತೆ.

ಕ್ಯಾಪ್ ಸಣ್ಣ ಸಾಮಾನು ಅಂತ ಬಿಡಬೇಡಿ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ. ಅಲ್ಲಿ ಒತ್ತಡ ಹಿಡಿಯದ ಕ್ಯಾಪ್ ಇದ್ದರೆ ಬರೀ ನೀರು 93–94 ಡಿಗ್ರಿಗೇ ಕುದಿಯುತ್ತೆ. ಒಳ್ಳೆ 0.9 ಕ್ಯಾಪ್ ಇದ್ದರೆ ಅದೇ ನೀರು 115ರ ಹತ್ತಿರದವರೆಗೆ ತಡೆಯುತ್ತೆ. ಕುದಿ ಶುರುವಾಯ್ತು ಅಂದರೆ ಹೆಡ್ ಒಳಗೆ ಆವಿಯ ಗುಳ್ಳೆ ಕೂರುತ್ತೆ, ಆ ಜಾಗದಿಂದ ಶಾಖ ಹೊರಗೆ ಬರಲ್ಲ. ಜಿ13ರ ಬ್ಲಾಕೂ ಅಲ್ಯೂಮಿನಿಯಂ, ಹೆಡ್ಡೂ ಅಲ್ಯೂಮಿನಿಯಂ. ಹೆಡ್ ಮೇಲ್ಮೈ ಸೊಟ್ಟಗಾಗೋಕೆ ಮಿತಿ ಇರೋದು 0.05 ಮಿ.ಮೀ. ಮಾತ್ರ. ಒಂದು ಸಲ ಜೋರಾಗಿ ಕುದಿಸಿದರೆ ಗ್ಯಾಸ್ಕೆಟ್ ಕೆಲಸ ಗ್ಯಾರಂಟಿ.

ಜಾಸ್ತಿ ಒತ್ತಡದ ಕ್ಯಾಪ್ ಹಾಕೋ ಉಪಾಯ ಬೇಡ. 1.3 ಕ್ಯಾಪ್ ಹಾಕಿದರೆ ಹಳೇ ಹಿತ್ತಾಳೆ ಟ್ಯಾಂಕಿನ ಬೆಸುಗೆಯೋ ಹೀಟರ್ ಕೋರೋ ಮೊದಲು ಬಿಡುತ್ತೆ.

ಈಗ ಫ್ಯಾನ್ ಹಬ್. ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಿದ್ದಾಗ ಕೈಯಲ್ಲಿ ತಿರುಗಿಸಿ: ಸ್ವಲ್ಪ ಎಳೆತ ಇರಬೇಕು. ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ಕೈಯಲ್ಲಿಟ್ಟುಕೊಂಡು ತಿರುಗಿಸಿ: ಈಗ ಎಳೆತ ಸ್ಪಷ್ಟವಾಗಿ ಜಾಸ್ತಿ ಇರಬೇಕು. ಬಿಸಿಯಲ್ಲೂ ಸಲೀಸಾಗಿ ಸುತ್ತಿದರೆ ಒಳಗಿನ ಸಿಲಿಕೋನ್ ಎಣ್ಣೆ ಹೋಗಿದೆ. ಹಬ್ ಅಂಚಿನಲ್ಲಿ ಧೂಳು ಮೆತ್ತಿದ ಎಣ್ಣೆ ಗೆರೆ ಕಂಡರೂ ಅದೇ ಅರ್ಥ. ಫ್ಯಾನ್ ಬೆಲ್ಟ್ ಮಧ್ಯದಲ್ಲಿ ಹೆಬ್ಬೆರಳಲ್ಲಿ ಒತ್ತಿದರೆ 6ರಿಂದ 9 ಮಿ.ಮೀ. ಬಗ್ಗಬೇಕು, ಅದೂ ನೋಡಿ.

ಹುಬ್ಳಿ_ಫೋರ್‌ಬೈಫೋರ್

ಥರ್ಮೋಸ್ಟಾಟ್ ತಗದ ಒಗೀರಿ ಅಂತ ಹೇಳೋ ಮಂದಿ ಭಾಳ ಅದಾರ್ರೀ. ಮೊದಲ ಹೇಳ್ತೀನಿ, ತಗೀಬ್ಯಾಡ್ರಿ.

ಏರು ಹತ್ತೋವಾಗ ಎಂಜಿನ್ 95 ಡಿಗ್ರಿ ಇದ್ರ ಥರ್ಮೋಸ್ಟಾಟ್ ಪೂರ್ತಿ ಬಾಯಿ ತಗದಿರ್ತದ. ತಗದ ವಾಲ್ವ್ ಕಿತ್ತ ಹಾಕಿ ಏನ್ ಉಪಯೋಗ? ಹೈವೇದಾಗ ಮಾತ್ರ ಎಂಜಿನ್ ಥಂಡಗ ಓಡ್ತದ, ಇಸಿಯು (ಎಂಜಿನ್ ಕಂಪ್ಯೂಟರ್) ಇನ್ನೂ ಗಾಡಿ ಬಿಸಿ ಆಗಿಲ್ಲ ಅಂತ ತಿಳಕೊಂಡು ಪೆಟ್ರೋಲ್ ಜಾಸ್ತಿ ಬಿಡ್ತದ, ಎಣ್ಣೆ ಲಗೂನ ಕರ್‍ರಗ ಆಗ್ತದ.

ಪರೀಕ್ಷೆ ಮನ್ಯಾಗ ಮಾಡ್ರಿ. ಪಾತೇಲಿಯೊಳಗ ನೀರು, ಥರ್ಮೋಸ್ಟಾಟ್ ತಳಕ್ಕ ಹತ್ತದಂಗ ದಾರದಾಗ ಇಳಿಬಿಡ್ರಿ, ಬಾಜೂಕ ಥರ್ಮಾಮೀಟರ್. 82ರದ್ದು ಇದ್ರ 82ಕ್ಕ ಬಾಯಿ ಬಿಡಾಕ ಶುರು ಮಾಡ್ಬೇಕು, 95ರ ಹೊತ್ತಿಗೆ 8 ಮಿ.ಮೀ. ಆದ್ರೂ ತಗದಿರಬೇಕು. ವಾಲ್ವ್ ಬಾಯಾಗ ದಾರ ಸಿಗಿಸಿ ತೂಗು ಹಾಕಿದ್ರ ತಗದ ಕೂಡ್ಲೆ ಕೆಳಗ ಬೀಳ್ತದ, ಶುರು ಆಗೋ ಡಿಗ್ರಿ ಕರೆಕ್ಟ್ ಗೊತ್ತಾಗ್ತದ. 88ರದ್ದೂ ಬರ್ತದ, ನಮ್ಮ ಕಡೆ ಬಿಸಲಿಗೆ 82 ಛಲೋ. ಕೂಡಿಸೋವಾಗ ಗಾಳಿ ಹೋಗೋ ಸಣ್ಣ ತೂತು ಮ್ಯಾಲೆ ಬರಬೇಕು.

ವೈರಿಂಗ್_ತುಮಕೂರು

ಎಲೆಕ್ಟ್ರಿಕ್ ಹಾಕೋದೇ ಆದರೆ ಸರಿಯಾಗಿ ಹಾಕೋಣ. ಇದೇ ಜಿ13ಬಿಬಿ ಎಂಜಿನ್ ಎಸ್ಟೀಮ್‌ನಲ್ಲಿ ಅಡ್ಡಡ್ಡ ಕೂತು ಎಲೆಕ್ಟ್ರಿಕ್ ಫ್ಯಾನಿನಲ್ಲೇ ಓಡಿತು. ಅಂದರೆ ಎಂಜಿನ್ನಿಗೆ ಅದು ಹೊಸದಲ್ಲ. ನಿಧಾನ ಏರಿನಲ್ಲಿ ಎಂಜಿನ್ 1,200–1,500 ಆರ್‌ಪಿಎಂನಲ್ಲಿದ್ದಾಗ ಬೆಲ್ಟ್ ಫ್ಯಾನ್ ಮೆಲ್ಲಗೆ ಸುತ್ತುತ್ತೆ, ಎಲೆಕ್ಟ್ರಿಕ್ ಫ್ಯಾನ್ ಪೂರ್ತಿ ವೇಗದಲ್ಲಿರುತ್ತೆ. ನಿಮ್ಮ ತೊಂದರೆಗೆ ನೇರ ಔಷಧ ಇದು.

ಜಾಗ: ಹಬ್ ಹಿಡಿದಿರೋ ನಟ್‌ಗಳೇ ವಾಟರ್ ಪಂಪ್ ಪುಲ್ಲಿಯನ್ನೂ ಹಿಡಿದಿರೋದು. ಹಬ್ ತೆಗೆದ ಮೇಲೆ ಸ್ಟಡ್ ಉದ್ದ ಉಳಿಯುತ್ತೆ, ನಟ್ ದಾರ ಮುಗಿದು ನಿಲ್ಲುತ್ತೆ, ಬಿಗಿ ಆಯ್ತು ಅನ್ಸುತ್ತೆ, ಪುಲ್ಲಿ ಮಾತ್ರ ಸಡಿಲ. ತೆಗೆದ ಹಬ್ ಅಂಚಿನಷ್ಟೇ ದಪ್ಪದ ಸ್ಪೇಸರ್ ಹಾಕಿ, ಸ್ಪ್ರಿಂಗ್ ವಾಷರ್ ಸಮೇತ ಬಿಗಿ ಮಾಡಿ. ಆಮೇಲೆ ಪುಲ್ಲಿ ಮುಖದಿಂದ ಕೋರ್‌ವರೆಗೆ ಅಳತೆ ತೆಗೆದೇ ಫ್ಯಾನ್ ಕೊಳ್ಳಿ. ಮೋಟರ್ ದಪ್ಪ 60ರಿಂದ 90 ಮಿ.ಮೀ. ಬರುತ್ತೆ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಅಲ್ಲಾಡುತ್ತೆ, ಹಾಗಾಗಿ ಮೋಟರ್ ಹಿಂದೆ ಕನಿಷ್ಠ 20 ಮಿ.ಮೀ. ಖಾಲಿ ಬೇಕು.

ಫ್ಯಾನ್: 12 ಇಂಚಿನ, ಹಿಂದಿನಿಂದ ಎಳೆಯೋ ಮಾದರಿ. ಮುಂದೆ ಕೂತು ತಳ್ಳೋದು ಬೇಡ, ನಿಮ್ಮಲ್ಲಿ ವಿಂಚ್ ಆಗಲೇ ಅಡ್ಡ ಇದೆ. ಕೋರ್ ತೂತಲ್ಲಿ ಪ್ಲಾಸ್ಟಿಕ್ ಟ್ಯಾಗ್ ತೂರಿಸಿ ಕಟ್ಟೋ ಪದ್ಧತಿ ಇದೆಯಲ್ಲ, ಅದು ಕೋರ್ ಕೊಲ್ಲೋ ಕೆಲಸ. ಕುಲುಕಾಟಕ್ಕೆ ಟ್ಯಾಗ್ ಟ್ಯೂಬನ್ನೇ ಉಜ್ಜಿ ತೂತು ಮಾಡುತ್ತೆ. ಅಲ್ಯೂಮಿನಿಯಂ ಎಲ್ ಆಂಗಲ್‌ನಲ್ಲಿ ಎರಡು ಪಟ್ಟಿ ಮಾಡಿ, ರೇಡಿಯೇಟರಿನ ಪಕ್ಕದ ಚೌಕಟ್ಟಿಗೆ ಬೋಲ್ಟ್ ಮಾಡಿ, ನಡುವೆ ರಬ್ಬರ್ ಬುಷ್ ಇಡಿ.

ಶ್ರೌಡ್ (ಫ್ಯಾನ್ ಸುತ್ತಿನ ಗಾಳಿ ಮರೆ) ಇಲ್ಲದೆ ಹಾಕಬೇಡಿ. ಬರೀ ಫ್ಯಾನ್ ಹಚ್ಚಿದರೆ ಅದರ ವೃತ್ತದ ಎದುರಿನ ಕೋರ್ ಮಾತ್ರ ಕೆಲಸ ಮಾಡುತ್ತೆ, ನಾಲ್ಕು ಮೂಲೆ ಸುಮ್ಮನೆ ಬಿಸಿಯಾಗಿ ಕೂರುತ್ತೆ. 1.5 ಮಿ.ಮೀ. ಅಲ್ಯೂಮಿನಿಯಂ ಶೀಟಿನಲ್ಲಿ ಕೋರ್ ಪೂರ್ತಿ ಮುಚ್ಚೋ ಡಬ್ಬಿ, ಕೋರಿಗೂ ರೆಕ್ಕೆಗೂ ನಡುವೆ 25 ಮಿ.ಮೀ. ಆದರೂ ಆಳ ಇರಲಿ.

ವೈರಿಂಗ್ ಹೀಗೆ:
- ಬ್ಯಾಟರಿ ಪ್ಲಸ್‌ನಿಂದ 4 ಚದರ ಮಿ.ಮೀ. ತಾಮ್ರದ ವೈರ್. ಬ್ಯಾಟರಿಯಿಂದ ಒಂದು ಗೇಣಿನೊಳಗೆ 25 ಆಂಪ್ ಫ್ಯೂಸ್. ಅಲ್ಲಿಂದ ರಿಲೇ 30.
- ರಿಲೇ 87ರಿಂದ ಫ್ಯಾನ್ ಪ್ಲಸ್. ಫ್ಯಾನ್ ಮೈನಸ್ ಅದೇ ದಪ್ಪದ ವೈರಲ್ಲಿ ನೇರ ಬ್ಯಾಟರಿ ಮೈನಸ್‌ಗೆ. ಬಾಡಿ ಅರ್ತ್ ನಂಬಬೇಡಿ.
- 86ಕ್ಕೆ ಇಗ್ನಿಷನ್ ಆನ್ ಆದಾಗ ಬರೋ ಕರೆಂಟ್, ನಡುವೆ ಸಣ್ಣ ಆಫ್ ಸ್ವಿಚ್. ಹೊಳೆ ದಾಟುವಾಗ ಫ್ಯಾನ್ ನಿಲ್ಲಿಸೋಕೆ ಇದು ಬೇಕೇ ಬೇಕು.
- 85ರಿಂದ ಥರ್ಮೋ ಸ್ವಿಚ್ ಮೂಲಕ ಅರ್ತ್. ಅದಕ್ಕೆ ಪ್ಯಾರಲಲ್ ಆಗಿ ಇನ್ನೊಂದು ಸ್ವಿಚ್, ಕೈಯಿಂದ ಆನ್ ಮಾಡೋಕೆ.

ರಿಲೇ 40 ಆಂಪ್‌ದು ಹಾಕಿ. ಓಡುವಾಗ ಫ್ಯಾನ್ 10–12 ಆಂಪ್ ಎಳೆದರೂ ಶುರುವಾಗೋ ಕ್ಷಣ ಅದರ ಎರಡು ಮೂರು ಪಟ್ಟು ಎಳೆಯುತ್ತೆ. ಕನೆಕ್ಟರ್ ಕಪ್ಪಾಗಿ ಕರಗೋದು ಅಲ್ಲೇ.

ಥರ್ಮೋ ಸ್ವಿಚ್ 92ಕ್ಕೆ ಆನ್, 87ಕ್ಕೆ ಆಫ್ ಆಗೋದು ಸುಲಭವಾಗಿ ಸಿಗುತ್ತೆ. ಅದನ್ನ ಮೇಲಿನ ಹೋಸ್ ಕಡೆ ಹಾಕಿ. ಕೆಳಗಿನ ಟ್ಯಾಂಕಿಗೆ ಹಾಕಿದರೆ ಅಲ್ಲಿ ಕೂಲಂಟ್ ಆಗಲೇ ತಣ್ಣಗಾಗಿರೋದರಿಂದ ಫ್ಯಾನ್ ತಡವಾಗಿ ಏಳುತ್ತೆ. ಆಫ್ ಡಿಗ್ರಿ ಥರ್ಮೋಸ್ಟಾಟ್ ತೆರೆಯೋ ಡಿಗ್ರಿಗಿಂತ ಕೆಳಗಿದ್ದರೆ ಫ್ಯಾನ್ ನಿಲ್ಲೋದೇ ಇಲ್ಲ. ಹೋಸ್ ಕತ್ತರಿಸಿ ನಡುವೆ ಲೋಹದ ಅಡಾಪ್ಟರ್ ಹಾಕಿ ಒಂದೇ ಪಿನ್ನಿನ ಸ್ವಿಚ್ ಕೂರಿಸಿದರೆ, ಅಡಾಪ್ಟರಿಗೆ ಬೇರೆಯಾಗಿ ಅರ್ತ್ ವೈರ್ ಎಳೀಬೇಕು. ಎರಡೂ ಕಡೆ ರಬ್ಬರ್, ಅರ್ತ್ ಎಲ್ಲಿಂದ ಬರುತ್ತೆ?

ಕರಾವಳಿ_ಜೀಪ್

ಎಲೆಕ್ಟ್ರಿಕ್ ಫ್ಯಾನ್ ಬೇಡ ಅಂತ ಅಲ್ಲ ಮಾರಾಯ್ರೆ, ಆದರೆ ಹಬ್ ಹೊಸತು ಹಾಕಿ ನೋಡದೆ ಇಷ್ಟೆಲ್ಲ ಕೆಲಸಕ್ಕೆ ಕೈ ಹಾಕೂದು ಸರಿಯಲ್ಲ. ವಿಸ್ಕಸ್‌ಗೆ ಫ್ಯೂಸ್ ಇಲ್ಲ, ರಿಲೇ ಇಲ್ಲ, ಕಾಡಿನ ಮಧ್ಯೆ ಕೈ ಕೊಡುವುದಿಲ್ಲ. ಎಲೆಕ್ಟ್ರಿಕ್ ಮೋಟರಿಗೆ ನಮ್ಮ ಮಳೆಗಾಲದ ಕೆಸರು ನೀರು ಹೊಕ್ಕರೆ ಬ್ರಷ್ ಹಿಡಿದು ಕೂತುಕೊಳ್ತದೆ, ಮತ್ತೆ ಗೊತ್ತಾಗುವುದು ಮುಳ್ಳು ಕೆಂಪಿಗೆ ಹೋದಾಗಲೇ.

ನೀರಿಗೆ ಇಳಿಯುವಾಗ ಮಾತ್ರ ಬೆಲ್ಟ್ ಫ್ಯಾನ್ ಅಪಾಯ ಹೌದು. ಸುತ್ತುವ ರೆಕ್ಕೆ ನೀರನ್ನು ಹಿಂದಕ್ಕೆ ದೂಡ್ತದೆ, ತಾನು ಮುಂದಕ್ಕೆ ಬಾಗ್ತದೆ, ಬಾಗಿದರೆ ಎದುರು ಇರೂದು ರೇಡಿಯೇಟರ್. ಹಬ್ ಬಿಸಿಯಾಗಿ ಹಿಡಿದುಕೊಂಡ ಹೊತ್ತಲ್ಲಿ ಇದು ಹೆಚ್ಚು. ಫ್ಯಾನ್ ಮಟ್ಟದವರೆಗೆ ನೀರು ಉಂಟು ಅಂತಾದರೆ ಮೊದಲು ನಿಲ್ಲಿಸಿ ತಣಿಸಿ, ಗ್ರಿಲ್ಲಿನ ಎದುರು ಟಾರ್ಪಾಲ್ ಕಟ್ಟಿ, ನಿಧಾನಕ್ಕೆ ಒಂದೇ ವೇಗದಲ್ಲಿ ಹೋಗಿ. ದಾಟಿದ ಕೂಡಲೇ ಟಾರ್ಪಾಲ್ ತೆಗೀಬೇಕು.

ಒರಿಜಿನಲ್ ಶ್ರೌಡ್ ನಿಮ್ಮಲ್ಲಿ ಉಂಟಾ? ಹಳೆ ಜಿಪ್ಸಿಯಲ್ಲಿ ಅರ್ಧಕ್ಕರ್ಧ ಗಾಡಿಗೆ ಯಾರೋ ಯಾವಾಗಲೋ ಬಿಚ್ಚಿ ಎಸೆದಿರ್ತಾರೆ. ರೆಕ್ಕೆ ಅರ್ಧ ಶ್ರೌಡ್ ಒಳಗೆ, ಅರ್ಧ ಹೊರಗೆ ಇರಬೇಕು, ತುದಿಗೂ ಶ್ರೌಡಿಗೂ 15–25 ಮಿ.ಮೀ. ಅಂತರ ಸಾಕು.

ಎಂಜಿ413_ಸಕಲೇಶಪುರ

ಶ್ರೌಡ್ ಇದೆ, ಕೆಳಭಾಗ ಒಡೆದು ಒಂದು ಅಂಗೈ ಅಗಲ ಹೋಗಿದೆ. ಹಬ್ ನೋಡಿದೆ, ಬಿಸಿಯಲ್ಲೂ ಬೆರಳಲ್ಲಿ ತಳ್ಳಿದರೆ ಸುತ್ತುತ್ತೆ. ಕ್ಯಾಪಿನ ಪುಟ್ಟ ವಾಲ್ವ್ ಕಲ್ಲಾಗಿದೆ. ಕೋರ್ ಹೊರಗಡೆ ಕೆಂಪು ಮಣ್ಣು ಕೂತಿದೆ, ಹೇಗೆ ತೊಳೆಯೋದು? ಒಳಗಡೆ ಆಸಿಡ್ ಹಾಕಿ ತೊಳೀತೀವಿ ಅಂತ ಅಂಗಡಿಯವರು ಹೇಳಿದ್ರು.

ಕೋರ್_ದಾವಣಗೆರೆ

ಆಸಿಡ್ ಬೇಡ ಸರ್. ಬಾತ್‌ರೂಮ್ ತೊಳೆಯೋ ಆಸಿಡ್ ತಾಮ್ರದ ಕೋರಲ್ಲಿ ಸುಣ್ಣ ಬಿಡಿಸುತ್ತೆ ನಿಜ, ಆದರೆ ಬೆಸುಗೆಯನ್ನೂ ತಿನ್ನುತ್ತೆ. ಅದನ್ನೇ ಎಂಜಿನ್ ಒಳಗೆ ಓಡಿಸಿದರೆ ಅಲ್ಯೂಮಿನಿಯಂ ಬ್ಲಾಕ್, ಪಂಪ್ ಬಾಡಿ ಎರಡೂ ಹಾಳು. ರೇಡಿಯೇಟರ್ ಬಿಚ್ಚಿ, ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿ, ಟ್ಯೂಬ್ ಒಂದೊಂದಕ್ಕೂ ಚಪ್ಪಟೆ ಪತ್ತಿ ತೂರಿಸಿ ಕೆರೆಯೋದೇ ಸರಿಯಾದ ಕೆಲಸ. ಆಮೇಲೆ 0.9 ಕೆಜಿ ಗಾಳಿ ಕೊಟ್ಟು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡಿಸಿ. ನಿಮ್ಮ ಎದುರೇ ಮಾಡಿಸಿ.

ಹೊರಗಿನ ಮಣ್ಣು: ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಬೇಕು. ಮುಂದಿನಿಂದ ಬಿಟ್ಟರೆ ಮಣ್ಣು ಕೋರ್ ನಡುವೆ ಹೋಗಿ ಗಟ್ಟಿಯಾಗುತ್ತೆ. ಮೊದಲು ನೆನೆಸಿ, ಅರ್ಧ ಗಂಟೆ ಬಿಡಿ, ಆಮೇಲೆ ತೋಟದ ಪೈಪಿನ ಒತ್ತಡ ಸಾಕು. ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿದರೆ ಫಿನ್ ಮಲಗುತ್ತೆ, ಮಲಗಿದ ಫಿನ್ ಅಂದರೆ ಮುಚ್ಚಿದ ಕಿಟಕಿ. ಕೋರ್ ಹಿಂದೆ ಬಲ್ಬ್ ಹಿಡಿದು ಮುಂದಿನಿಂದ ನೋಡಿ, ಬೆಳಕು ಎಲ್ಲಾ ಕಡೆ ಸಮವಾಗಿ ಬರಬೇಕು.

ಮುಂದೆ ಕೋರ್ ಬದಲಾಯಿಸೋ ದಿನ ಬಂದರೆ, ಮೂರು ಸಾಲು ಹಾಕಿಸಿ, ಆದರೆ ಫಿನ್ ಇಂಚಿಗೆ 10–12ರ ಮೇಲೆ ಬೇಡ. 14–16 ಫಿನ್ ಕೋರ್ ಡಾಂಬರು ರಸ್ತೆಗೆ ಒಳ್ಳೇದು. ಕೆಸರು, ಹುಲ್ಲಿನ ಬೀಜ, ಕಾಫಿ ಹೂವಿನ ಎಸಳು ಬೀಳೋ ಜಾಗದಲ್ಲಿ ವಾರದಲ್ಲಿ ಕಟ್ಟುತ್ತೆ. ಅಲ್ಯೂಮಿನಿಯಂ ರೇಡಿಯೇಟರ್ ಹಗುರ, ಚೆನ್ನಾಗಿ ತಣಿಸುತ್ತೆ, ಆದರೆ ದಾರಿಯಲ್ಲಿ ಕಲ್ಲು ತಾಗಿ ತೂತಾದರೆ ಹಳ್ಳಿಯಲ್ಲಿ ಬೆಸುಗೆ ಹಾಕೋರು ಸಿಗಲ್ಲ. ತಾಮ್ರಕ್ಕೆ ಸಿಕ್ಕೇ ಸಿಗ್ತಾರೆ.

ಇನ್ನೊಂದು ಮಾತು, ಇದನ್ನ ಯಾರೂ ಮಾಡಲ್ಲ: ರೇಡಿಯೇಟರ್ ಮತ್ತು ಗ್ರಿಲ್ ಚೌಕಟ್ಟಿನ ನಡುವಿನ ಸಂದಿಗೆ ಫೋಮ್ ಪಟ್ಟಿ ಅಂಟಿಸಿ. ನಿಧಾನಕ್ಕೆ ಹೋಗುವಾಗ ಎಂಜಿನ್ ಕಡೆಯ ಬಿಸಿ ಗಾಳಿ ಪಕ್ಕದಿಂದ ಸುತ್ತಿ ಮತ್ತೆ ಮುಂದಕ್ಕೆ ಬಂದು ಅದೇ ಕೋರ್ ಒಳಗೆ ಹೋಗುತ್ತೆ. ಅದನ್ನ ನಿಲ್ಲಿಸೋದಕ್ಕೆ ಖರ್ಚೂ ಇಲ್ಲ, ಕಷ್ಟವೂ ಇಲ್ಲ. ವಿಂಚ್ ಮೇಲೆ ಲೈಟ್ ಬಾರ್ ಇದ್ದರೆ ಅದನ್ನೂ ಗ್ರಿಲ್ ಎದುರಿನಿಂದ ತೆಗೆಯಿರಿ.

ಎಂಎಂ540_ಕೊಪ್ಪ

ಮಧ್ಯೆ ಒಂದು ಪ್ರಶ್ನೆ. ಮಹೀಂದ್ರ ಎಂಎಂ540, ಪೆಜೋ ಎಕ್ಸ್‌ಡಿಪಿ 4.90 ಡೀಸೆಲ್‌ಗೂ ಇದೇ ಲೆಕ್ಕನಾ?

ಘಟ್ಟದಮೇಲೆ

ಗಾಳಿಯ ವಿಷಯ ಎಲ್ಲಾ ಅದೇ. ಆ 2112 ಸಿಸಿ ಎಂಜಿನ್ ಇನ್‌ಡೈರೆಕ್ಟ್ ಇಂಜೆಕ್ಷನ್, ಅದರ ಸ್ವಭಾವಕ್ಕೆ ಕೂಲಂಟಿಗೆ ಶಾಖ ಜಾಸ್ತಿ ಬಿಡುತ್ತೆ, ಆದ್ದರಿಂದ ಶ್ರೌಡ್ ಇಲ್ಲದೆ ಓಡಿಸಲೇಬೇಡಿ. ವೆಟ್ ಲೈನರ್ (ಕೂಲಂಟ್ ನೇರ ತಾಗೋ ಸಿಲಿಂಡರ್ ತೋಳು) ಇರೋದರಿಂದ ಬರೀ ನೀರು ಹಾಕಿದರೆ ಲೈನರ್ ಹೊರಮೈ ತುಕ್ಕು ಹಿಡಿದು ಗುಳಿ ಬೀಳುತ್ತೆ. ಒಳ್ಳೆ ಕೂಲಂಟ್ ಹಾಕೋದು ಅಲ್ಲಿ ಜಿಪ್ಸಿಗಿಂತ ಮುಖ್ಯ.

ಹುಬ್ಳಿ_ಫೋರ್‌ಬೈಫೋರ್

ಕೂಲಂಟ್ ಮಾತು ಬಂತಲ್ಲ, ಲೆಕ್ಕ ಬರದ ಬಿಡ್ತೀನಿ. ಜಿಪ್ಸಿಗೆ ಡಬ್ಬಿ ಹಿಡದು ಸುಮಾರು 5 ಲೀಟರ್. ನಮ್ಮ ಕಡೆ ನೀರು ಹೆಪ್ಪುಗಟ್ಟೋ ಚಳಿ ಇಲ್ಲ, ಹಂಗಾಗಿ 40 ಪರ್ಸೆಂಟ್ ಕೂಲಂಟ್ ಸಾಕು: 2 ಲೀಟರ್ ಕಾನ್ಸನ್‌ಟ್ರೇಟ್, 3 ಲೀಟರ್ ಬ್ಯಾಟರಿಗೆ ಹಾಕೋ ನೀರು. ಗ್ಲೈಕಾಲ್ ಜಾಸ್ತಿ ಆದಷ್ಟೂ ಶಾಖ ಒಯ್ಯೋ ಶಕ್ತಿ ಕಡಿಮಿ ಆಗ್ತದ. 30ಕ್ಕಿಂತ ಕೆಳಗ ಇಳಿಸಬ್ಯಾಡ್ರಿ, ತುಕ್ಕು ತಡಿಯೋ ಔಷಧ ಸಾಲಂಗಿಲ್ಲ. ಲಡಾಖಿಗೆ ಹೊಂಟ್ರ 50 ಮಾಡ್ರಿ, ಮೈನಸ್ 35ರ ಆಚೆತನಕ ತಡೀತದ.

ಬೋರ್ ನೀರು ಮಾತ್ರ ಬ್ಯಾಡ್ರಿ. ಗಡಸು ನೀರಿನ ಸುಣ್ಣ ಮೊದ್ಲು ಕೂಡೋದು ಅಗದಿ ಬಿಸಿ ಇರೋ ಜಾಗದಾಗ, ಅಂದ್ರ ಹೆಡ್ ಒಳಗ.

ತೊಳದ ಮ್ಯಾಲೆ ಬ್ಲಾಕ್, ಹೀಟರ್ ಒಳಗ ಒಂದಿಷ್ಟು ನೀರು ಉಳದಿರ್ತದ. ಅದಕ್ಕ ಮಿಕ್ಸ್ ಮಾಡಿದ್ದನ್ನ ಸುರವಬ್ಯಾಡ್ರಿ. ಮೊದ್ಲು 2 ಲೀಟರ್ ಕಾನ್ಸನ್‌ಟ್ರೇಟ್ ಪೂರ್ತಿ ಹಾಕ್ರಿ, ಆಮ್ಯಾಲೆ ಹಿಡದಷ್ಟು ನೀರು. ಹಸಿರು, ಕೆಂಪು ಎರಡೂ ಕೂಡಸಬ್ಯಾಡ್ರಿ.

ಗಾಳಿ ತಗಿಯೋದು: ಗಾಡಿ ಮೂತಿ ಏರಿನ ಕಡೆ ಮಾಡಿ ನಿಲ್ಲಸ್ರಿ, ಹೀಟರ್ ಇದ್ರ ಪೂರ್ತಿ ಬಿಸಿಗೆ ತಿರುವ್ರಿ, ಮೆಲ್ಲಕ ಸುರವ್ರಿ. ಕ್ಯಾಪ್ ತಗದ ಎಂಜಿನ್ ಚಾಲೂ ಮಾಡಿ ಮ್ಯಾಲಿನ ಹೋಸ್ ಹಿಂಡಿ ಹಿಂಡಿ ಬಿಡ್ರಿ. ಆ ಹೋಸ್ ಒಮ್ಮಿಗೇ ಬಿಸಿ ಆತು ಅಂದ್ರ ಥರ್ಮೋಸ್ಟಾಟ್ ತಗೀತು, ಆಗ ಮಟ್ಟ ಇಳೀತದ, ತುಂಬಿ ಕ್ಯಾಪ್ ಹಾಕ್ರಿ. ಮರುದಿನ ಮುಂಜಾನೆ ಥಂಡ ಇದ್ದಾಗ ಮತ್ತ ನೋಡ್ರಿ. ಗುಳ್ಳಿ ನಿಲ್ಲದಂಗ ಬರಾಕ ಹತ್ತಿದ್ರ ಅದು ಗಾಳಿ ಅಲ್ಲ, ಹೆಡ್ ಗ್ಯಾಸ್ಕೆಟ್ ದಾಟಿ ಬರೋ ಹೊಗಿ. ಅದನ್ನ ಪತ್ತೆ ಮಾಡೋ ನೀಲಿ ದ್ರಾವಣ ಸಿಗ್ತದ, ಹೊಗಿ ತಾಗಿದ್ರ ಹಳದಿ ಆಗ್ತದ.

ವೈರಿಂಗ್_ತುಮಕೂರು

ಮುಳ್ಳಿನ ಬಗ್ಗೆ ಯಾರೂ ಹೇಳಲಿಲ್ಲ. ಕಂಪನಿ ಗೇಜ್ ಕೂಲಂಟ್ ಇದ್ದಾಗ ಮಾತ್ರ ನಿಜ ಹೇಳುತ್ತೆ. ಹೋಸ್ ಒಡೆದು ನೀರೆಲ್ಲ ಹೋದರೆ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತೆ, ಮುಳ್ಳು ಕೆಳಗೆ ಇಳಿಯುತ್ತೆ, ಓಡಿಸೋರು ನೆಮ್ಮದಿಯಾಗಿ ಇನ್ನೂ ನಾಲ್ಕು ಕಿಲೋಮೀಟರ್ ಹೋಗಿ ಎಂಜಿನ್ ಮುಗಿಸ್ತಾರೆ. ಹೆಡ್ ಮೇಲಿನ ಯಾವುದಾದರೂ ಸಣ್ಣ ಬೋಲ್ಟಿನ ಕೆಳಗೆ ರಿಂಗ್ ಮಾದರಿಯ ಟೆಂಪರೇಚರ್ ಸೆನ್ಸರ್ ಹಾಕಿ, ಡಿಜಿಟಲ್ ಮೀಟರ್ ಮತ್ತು ಬಜರ್ ಕೊಡಿ. ಹೆಡ್ ಬೋಲ್ಟ್ ಮುಟ್ಟಬೇಡಿ. ಅದು ಲೋಹದ ಶಾಖ ಓದೋದರಿಂದ ಕೂಲಂಟ್ ಇರಲಿ ಬಿಡಲಿ ಹೇಳುತ್ತೆ. ಮೊದಲು ಸರಿಯಿರುವಾಗ ಎಷ್ಟು ತೋರಿಸುತ್ತೆ ಅಂತ ಗುರುತು ಮಾಡ್ಕೊಳ್ಳಿ, ಅದಕ್ಕಿಂತ 10–12 ಡಿಗ್ರಿ ಮೇಲೆ ಬಜರ್ ಇಡಿ.

ಎಂಜಿ413_ಸಕಲೇಶಪುರ

ಹೊಸ 0.9 ಕ್ಯಾಪ್, ಹೊಸ ಹಬ್, ಶ್ರೌಡ್ ರಿಪೇರಿ, ಫೋಮ್, ತೊಳೆದ ಕೋರ್, 82ರ ಥರ್ಮೋಸ್ಟಾಟ್. ಇಷ್ಟನ್ನ ಮೊದಲು ಮಾಡ್ತೀನಿ, ಬಜರ್ ಕೂಡ. ಎಲೆಕ್ಟ್ರಿಕ್ ಆಮೇಲೆ ಬೇಕಾ ಬೇಡವಾ ಅಂತ ಮುಳ್ಳು ನೋಡಿಯೇ ಹೇಳಬೇಕಾ, ಬೇರೆ ಅಳತೆ ಇದೆಯಾ? ಬಾನೆಟ್ ಹಿಂಬದಿ ಎತ್ತರಿಸೋದು ಉಪಯೋಗಾನಾ?

ಕೋರ್_ದಾವಣಗೆರೆ

ಬಾನೆಟ್ ಹಿಂಬದಿ ಒಂದಿಂಚು ಎತ್ತಿದರೆ ನಿಧಾನ ಏರಿನಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತೆ. ವೇಗದಲ್ಲಿ ಮುಂದಿನ ಗಾಜಿನ ಬುಡದಲ್ಲಿ ಒತ್ತಡ ಜಾಸ್ತಿ ಇರೋದರಿಂದ ಗಾಳಿ ಅಲ್ಲಿಂದ ಒಳಗೇ ನುಗ್ಗಿ ರೇಡಿಯೇಟರ್ ಗಾಳಿಯನ್ನ ತಡೆಯುತ್ತೆ. ಮಳೆನೀರೂ ಎಂಜಿನ್ ಮೇಲೆ. ನಾನಾಗಿದ್ದರೆ ಮಾಡಲ್ಲ.

ಅಳತೆಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ತಗೊಳ್ಳಿ. ಹಿತ್ತಾಳೆ ಹೊಳೆಯುತ್ತಿದ್ದರೆ ಅದು ತಪ್ಪು ಓದುತ್ತೆ, ಮೇಲಿನ ಮತ್ತು ಕೆಳಗಿನ ಟ್ಯಾಂಕಿನ ಪೈಪ್ ಹತ್ತಿರ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಓದಿ. ಏರಿನಲ್ಲಿ ಬಿಸಿಯಾದ ಕೂಡಲೇ, ಎಂಜಿನ್ ಆಫ್ ಮಾಡದೆ ಎರಡೂ ನೋಡಿ. ಮೇಲಿಂದ ಕೆಳಕ್ಕೆ 6ರಿಂದ 10 ಡಿಗ್ರಿ ಇಳಿದಿದ್ದರೆ ಆರೋಗ್ಯ. ಎರಡೂ ಹೆಚ್ಚುಕಮ್ಮಿ ಒಂದೇ, ಎರಡೂ ಸುಡು ಬಿಸಿ ಅಂದರೆ ಇನ್ನೂ ಗಾಳಿ ಸಾಲುತ್ತಿಲ್ಲ, ಆಗ ತುಮಕೂರಿನವರು ಹೇಳಿದ ಫ್ಯಾನ್ ಹಾಕಿ. ವ್ಯತ್ಯಾಸ 20 ದಾಟಿದರೆ ಗಾಳಿ ಸಾಕಷ್ಟಿದೆ, ಹರಿವು ಇಲ್ಲ. ಆಗ ಪಂಪ್ ರೆಕ್ಕೆ ಸವೆದಿದೆಯಾ, ಕೆಳಗಿನ ಹೋಸ್ ಎಂಜಿನ್ ಎಬ್ಬಿಸಿದಾಗ ಒಳಕ್ಕೆ ಕುಗ್ಗುತ್ತಾ ನೋಡಿ. ಪಂಪ್ ಬದಲಾಯಿಸೋಕೆ ಟೈಮಿಂಗ್ ಬೆಲ್ಟ್ ಬಿಚ್ಚಲೇಬೇಕು, ಹಾಗಾಗಿ ಬೆಲ್ಟ್, ಟೆನ್ಷನರ್ ಎರಡೂ ಹೊಸದು ತಂದಿಟ್ಟುಕೊಂಡೇ ಕೆಲಸ ಶುರು ಮಾಡಿ.